ಉಪಮಂತ್ರಿಯ ಅರ್ಧ ಕ್ಷೌರ

ಸರ್ಕಾರ ನನ್ನ ಗಂಡನಿಗೆ ಹೆಂಗಸರ ಕೂದಲು ಸಿಂಗರಿಸುವ ವಿದ್ಯೆ ಕಲಿಸಲು ಹೊರಟಿತು. ಮೊದಲು ಬೋಳಾದದ್ದು ನನ್ನ ತಲೆ.

ನಾನು ಎರ್ಮಿಂದಾ. ಗಂಡ ನಿಬಾಲ್ದೊ. ಊರು ಪುಂತಾ ಲೊರೋಸ್, ಚಿಲಿಯ ದಕ್ಷಿಣದ ಕಡಲತಡಿ. ಊರೆಂದರೆ ಒಂದು ಕಲ್ಲಿದ್ದಲ ಗಣಿ, ಅದರ ಬೆನ್ನಿಗೆ ಕಂಪನಿ ಕಟ್ಟಿಸಿದ ಮರದ ಸಾಲುಮನೆಗಳು, ಸಾಲಿಗೊಂದು ರೊಟ್ಟಿ ಸುಡುವ ದೊಡ್ಡ ಒಲೆ. ಗಣಿಯ ಬಾಯಿ ನೆಲದ ಮೇಲಿದ್ದರೂ ಹೊಟ್ಟೆ ಇದ್ದದ್ದು ಸಮುದ್ರದ ಕೆಳಗೆ. ಗಂಡಸರು ಅಲ್ಲಿ ಬಗ್ಗಿ, ತೆವಳಿ, ಮಗ್ಗುಲಾಗಿ ಮಲಗಿ ಅಗೆಯುತ್ತಿದ್ದರು. ತಲೆಯ ಮೇಲೆ ಬಂಡೆ, ಬಂಡೆಯ ಮೇಲೆ ನೀರು, ನೀರಿನ ಮೇಲೆ ಮೀನುಗಾರರ ದೋಣಿ.

ನಿಬಾಲ್ದೊ ಸಿಡಿಮದ್ದಿನವನು. ಬಂಡೆಗೆ ತೂತು ಕೊರೆದು, ಮದ್ದು ತುರುಕಿ, ಬತ್ತಿ ಹಚ್ಚಿ, "ಬೆಂಕಿ" ಎಂದು ಕೂಗಿ ಓಡುವುದು ಅವನ ಕೆಲಸ. ಆ ಕೆಲಸ ಅವನ ಎಡಗೈಯ ಎರಡು ಬೆರಳಿನ ತುದಿ ತಿಂದಿತ್ತು. ಮುಖದ ತುಂಬ ನೀಲಿ ಚುಕ್ಕೆ. ಅದು ಚರ್ಮದೊಳಕ್ಕೆ ಹೊಕ್ಕು ಕೂತ ಕಲ್ಲಿದ್ದಲು. ಮದುವೆಯಾದ ಹೊಸತರಲ್ಲಿ ನಾನು ಅದನ್ನು ಸೋಪು ಹಾಕಿ ತಿಕ್ಕಿದ್ದೆ. ಆಮೇಲೆ ಬಿಟ್ಟೆ.

ಸೈನ್ಯದ ಜನರಲ್ ಒಬ್ಬ ದೇಶ ಹಿಡಿದು ಆಳುತ್ತಿದ್ದಾಗ ಸೈನಿಕರು ಯೂನಿಯನ್ನಿನವರನ್ನು ಹಿಡಿದು ದ್ವೀಪದ ಜೈಲಿಗೆ ಹಾಕಿದರು. ನಿಬಾಲ್ದೊ ಅಲ್ಲಿ ಒಂದು ಚಳಿಗಾಲ ಕಳೆದು, ಮೂಳೆಯಾಗಿ ಬಂದ. ಆದರೂ ನಾವು ಬಿಡಲಿಲ್ಲ. ಕೊನೆಗೆ ವೋಟು ಹಾಕಿ ಜನರಲ್‌ನನ್ನು ಇಳಿಸಿದೆವು. ಅವತ್ತು ಇಡೀ ಊರು ಬೀದಿಯಲ್ಲಿ ಕುಣಿಯಿತು. ನಿಬಾಲ್ದೊ ಪಾದ್ರಿಯ ಜೊತೆ ಕುಣಿದ, ಕುಣಿಯುತ್ತ ಅವನ ಕಾಲು ತುಳಿದ, ಪಾದ್ರಿ ಬೈದದ್ದನ್ನು ನಾನು ಕಿವಿಯಾರೆ ಕೇಳಿದೆ.

ಜನರಲ್ ಹೋದ. ಅವನಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದ ಲೆಕ್ಕದ ಮೇಷ್ಟ್ರುಗಳು ಹೋಗಲಿಲ್ಲ. ಹೊಸ ಸರ್ಕಾರ ನಮ್ಮವರದೇ. ನಮ್ಮ ಜೊತೆ ಏಟು ತಿಂದವರು, ಜೈಲಿಗೆ ಹೋದವರು, ದೇಶ ಬಿಟ್ಟು ಓಡಿದವರು. ಅವರು ಬಂದು ಆ ಮೇಷ್ಟ್ರುಗಳ ಪಕ್ಕ ಕೂತು ಅದೇ ಪಾಠ ಓದಿದರು. ಎಲ್ಲೋ ದೂರದ ದೇಶದಿಂದ ಹಡಗಿನಲ್ಲಿ ಬರುವ ಕಲ್ಲಿದ್ದಲು ನಮ್ಮ ಅಡುಗೆಮನೆಯ ಕೆಳಗಿನ ಕಲ್ಲಿದ್ದಲಿಗಿಂತ ಅಗ್ಗವಂತೆ. ಅದಕ್ಕೆ ಗಣಿ ಮುಚ್ಚಬೇಕಂತೆ. ನಮ್ಮ ತೀರ್ಮಾನ ಅಲ್ಲ, ಮಾರುಕಟ್ಟೆಯ ತೀರ್ಮಾನ ಎಂದರು. ಜನರಲ್ ಇದ್ದಾಗ ಯಾರಿಗೆ ಬೈಯಬೇಕು ಎಂದಾದರೂ ಗೊತ್ತಿತ್ತು. ಈ ಮಾರುಕಟ್ಟೆಯ ಮನೆ ಎಲ್ಲಿ, ಬಾಗಿಲು ಯಾವ ಕಡೆ, ಒಬ್ಬರೂ ಹೇಳಲಿಲ್ಲ.

ನಾವು ಮುಷ್ಕರ ಹೂಡಿದೆವು. ಮಕ್ಕಳು ಮರಿ ಕಟ್ಟಿಕೊಂಡು ದೊಡ್ಡ ಪಟ್ಟಣದವರೆಗೆ ನಡೆದೆವು. ಪೊಲೀಸರು ನೀರು ಹೊಡೆಯುವ ಲಾರಿ ತಂದು ನಮ್ಮನ್ನು ತೊಯ್ಯಿಸಿದರು. ಲಾರಿ ಹಳೆಯದೇ, ಬಣ್ಣ ಹೊಸದು. ಗಣಿ ಮುಚ್ಚಿತು.

ಆಮೇಲೆ ಸರ್ಕಾರಕ್ಕೆ ಕರುಣೆ ಬಂತು. ಗಂಡಸರಿಗೆ ಬೇರೆ ಕಸುಬು ಕಲಿಸುತ್ತೇವೆ ಎಂದಿತು. ಯಾವ ಕಸುಬು ಬೇಕೆಂದು ಕೇಳಲು ಒಬ್ಬ ಅಧಿಕಾರಿ ಬಂದ. ಬಂಡೆ ಸಿಡಿಸುವುದು ಎಂದ ನಿಬಾಲ್ದೊ. ಅಧಿಕಾರಿ ನಕ್ಕು, ಮಿಠಾಯಿ ಮಾಡುವುದು, ಹೊಲಿಗೆ, ಕೇಶವಿನ್ಯಾಸ, ಈ ಮೂರೇ ಇರುವುದು ಎಂದ. ಮಿಠಾಯಿಗೆ ಜನ ನುಗ್ಗಿದರು, ರುಚಿ ನೋಡಲಾದರೂ ಸಿಗುತ್ತದಲ್ಲ ಎಂದು. ಹೊಲಿಗೆಯಂತ್ರಗಳು ಬರಲೇ ಇಲ್ಲ. ಉಳಿದ ಅರವತ್ತು ಮಂದಿ ಕೇಶವಿನ್ಯಾಸಕ್ಕೆ ಬಿದ್ದರು.

ಕೂದಲು ಕತ್ತರಿಸುವುದರಲ್ಲಿ ಅವಮಾನವೇನೂ ಇಲ್ಲ. ನಮ್ಮೂರ ಎಸ್ತೆರ್ ಗಂಡ ಸತ್ತ ಮೇಲೆ ಅದೇ ಕಸುಬಿನಲ್ಲಿ ಮೂವರು ಮಕ್ಕಳನ್ನು ಸಾಕಿದಳು. ಅವಳ ಅಂಗಡಿಯ ಮುಂದೆ ಯಾರೂ ಹಗುರವಾಗಿ ಮಾತಾಡುತ್ತಿರಲಿಲ್ಲ, ಅವಳು ಆಡಲು ಬಿಡುತ್ತಲೂ ಇರಲಿಲ್ಲ. ಆದರೆ ಊರಿಗೆ ಒಬ್ಬಳೇ ಎಸ್ತೆರ್ ಸಾಕಾಗಿದ್ದಳು. ಗಣಿ ನಡೆಯುತ್ತಿದ್ದಾಗಲೂ ಅವಳ ಕುರ್ಚಿ ಅರ್ಧ ದಿನ ಖಾಲಿ ಇರುತ್ತಿತ್ತು. ಅರವತ್ತು ಮಂದಿಯ ಸುದ್ದಿ ಕೇಳಿ ಅವಳು ಕೈಯಲ್ಲಿ ಬಾಚಣಿಗೆ ಹಿಡಿದೇ ಬೀದಿಗೆ ಬಂದಳು.

"ತಲೆಗಳೇನು ಮರದಲ್ಲಿ ಬಿಡ್ತವೇನ್ರೋ? ಅರವತ್ತು ಜನ ಯಾರ ಕೂದ್ಲು ಕತ್ತರಿಸ್ತೀರಿ?"

ಅದಕ್ಕೆ ಅಧಿಕಾರಿಯ ಬಳಿ ಉತ್ತರವಿತ್ತು. ಮೊದಲು ಪೂರೈಕೆ ಬರಬೇಕು, ಬೇಡಿಕೆ ತಾನಾಗಿ ಹುಟ್ಟುತ್ತದೆ ಎಂದ. ಎಸ್ತೆರ್ ಅವನ ತಲೆಯನ್ನೇ ನೋಡಿದಳು. ಅದರ ಮೇಲೆ ಕತ್ತರಿಸಲು ಏನೂ ಇರಲಿಲ್ಲ.

ಈ ಅರವತ್ತರಲ್ಲಿ ಎಲಾದಿಯೊ ಒಬ್ಬ. ನಿಬಾಲ್ದೊನ ಜೊತೆಗಾರ. ಇವನು ಸಿಡಿಸಿದ್ದನ್ನು ಸಲಿಕೆಯಲ್ಲಿ ಎಳೆದು ಗಾಡಿಗೆ ತುಂಬುತ್ತಿದ್ದವನು. ಅವನ ಎದೆಯೊಳಗೆ ಧೂಳು ಕಲ್ಲುಗಟ್ಟಿತ್ತು. ಉಗಿದರೆ ಕರಿ. ಮನೆಯಿಂದ ಒಲೆಯವರೆಗೆ ನಡೆಯುವುದರಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದ. ಧೂಳಿನ ಕಾಯಿಲೆ ಎಂದು ವೈದ್ಯರ ಮಂಡಳಿ ಒಪ್ಪಿದರೆ ಪಿಂಚಣಿ ಸಿಗುತ್ತದೆ. ಮಂಡಳಿ ಎಕ್ಸ್‌ರೇ ತೆಗೆದು, ಬೆಳಕಿಗೆ ಹಿಡಿದು ನೋಡಿ, ಧೂಳು ಕಾಣಿಸಲಿಲ್ಲ ಎಂದಿತು. ಗಣಿಕೆಲಸಕ್ಕೆ ಕೊಂಚ ಅಶಕ್ತ, ಕೇಶವಿನ್ಯಾಸಕ್ಕೆ ಸಂಪೂರ್ಣ ಶಕ್ತ ಎಂದು ತೀರ್ಪು ಕೊಟ್ಟಿತು. ಎಲಾದಿಯೊ ತಾಳ್ಮೆಯಿಂದ, ಕೇಶವಿನ್ಯಾಸ ಮಾಡುವಾಗ ಉಸಿರಾಡುವುದು ಬೇಡವೇ ಡಾಕ್ಟ್ರೇ ಎಂದು ಕೇಳಿದನಂತೆ. ಮುಂದಿನವರು ಬನ್ನಿ ಎಂದರಂತೆ ಡಾಕ್ಟರು.

ಪಾಠ ನಡೆದದ್ದು ಗಣಿಯ ದೀಪದ ಕೋಣೆಯಲ್ಲಿ. ಮುಂಚೆ ಗಂಡಸರು ಇಳಿಯುವ ಮೊದಲು ಹಣೆದೀಪ ಪಡೆಯುತ್ತಿದ್ದ ಜಾಗ. ಈಗ ಅಲ್ಲಿ ಕನ್ನಡಿ ನೇತುಹಾಕಿದರು. ಕಲಿಸಲು ಪಟ್ಟಣದಿಂದ ಮಾರಿಬೆಲ್ ಎಂಬ ಹುಡುಗಿ ಬಂದಳು. ಎತ್ತರದ ಹಿಮ್ಮಡಿಯ ಚಪ್ಪಲಿ, ಸಣ್ಣ ದನಿ. ಒಳ್ಳೆಯವಳು. ಮೊದಲ ದಿನ ಈ ಗಂಡಸರನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳಂತೆ. ಅಭ್ಯಾಸಕ್ಕೆ ಗೊಂಬೆಯ ತಲೆಗಳು ಬಂದವು. ಬಂಗಾರದ ಬಣ್ಣದ ಕೂದಲು, ನೀಲಿ ಕಣ್ಣು, ಕೆಂಪು ತುಟಿ. ಅಂಥ ಹೆಂಗಸು ನಮ್ಮೂರಲ್ಲಿ ಯಾವತ್ತೂ ಹುಟ್ಟಿರಲಿಲ್ಲ. ಪಕ್ಕದ ಮನೆಯ ತಿತೊ ತನ್ನ ಗೊಂಬೆಗೆ ಅತ್ತೆಯ ಹೆಸರಿಟ್ಟು, ಅದೇ ಉತ್ಸಾಹದಲ್ಲಿ ಕತ್ತರಿಸಿದ.

ಕತ್ತರಿಯ ಉಂಗುರದೊಳಗೆ ಯಾರ ಬೆರಳೂ ತೂರಲಿಲ್ಲ. ಗಣಿಯ ಹಳೆಯ ಕಮ್ಮಾರ ಉಂಗುರ ಕೊಯ್ದು ದೊಡ್ಡದು ಬೆಸೆದುಕೊಟ್ಟ. ಆಮೇಲೆ ಅದು ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯಂತೆ ಕಂಡಿತು. ಕೆಲಸವೂ ಹಾಗೆಯೇ ಮಾಡಿತು.

ನಿಬಾಲ್ದೊ ತನ್ನ ಗೊಂಬೆಯನ್ನು ಮನೆಗೆ ತಂದ. ಊಟದ ಮೇಜಿನ ಮೇಲೆ ಇಟ್ಟುಕೊಂಡು ಬಾಚುತ್ತ ಕೂತ. ಮೂವತ್ತು ವರ್ಷ ನನ್ನ ಜಡೆಯ ಕಡೆ ತಿರುಗಿ ನೋಡದವನು.

"ಇವಳಿಗೂ ಹುರುಳಿ ಬಡಿಸ್ಲಾ?" ಎಂದೆ.

"ನಿನಗಿಂತ ಕಮ್ಮಿ ತಿಂತಾಳೆ ಕಣೆ ಮುದುಕಿ, ಇರ್ಲಿ ಬಿಡು" ಎಂದ.

ಗೊಂಬೆಯ ಕೂದಲು ಮತ್ತೆ ಬೆಳೆಯುವುದಿಲ್ಲ. ಅರವತ್ತೂ ಬೋಳಾದವು. ಹೊಸ ಗೊಂಬೆ ಬರುವುದಿಲ್ಲ, ಅವರವರ ಮನೆಯ ಹೆಂಗಸರ ತಲೆಯ ಮೇಲೆ ಕಲಿಯಿರಿ ಎಂದು ಕಚೇರಿ ಹೇಳಿ ಕಳಿಸಿತು.

ಕೂದಲನ್ನು ಗುಂಗುರು ಮಾಡುವ ಪಾಠ ನಡೆಯುತ್ತಿತ್ತು. ಕೂದಲನ್ನು ಸಣ್ಣ ಸುರುಳಿಗೆ ಸುತ್ತಿ, ಮೂಗು ಉರಿಯುವ ಒಂದು ದ್ರಾವಣ ಸುರಿದು, ಕೊಂಚ ಕಾದು, ತೊಳೆಯಬೇಕು. ಒಂದು ಮಧ್ಯಾಹ್ನ ನಿಬಾಲ್ದೊ ನನ್ನನ್ನು ಅಡುಗೆಮನೆಯಲ್ಲಿ ಕುರ್ಚಿಯ ಮೇಲೆ ಕೂರಿಸಿದ. ಬಹಳ ಗಂಭೀರವಾಗಿದ್ದ. ಸುರುಳಿ ಸುತ್ತಿದ್ದು ಚೆನ್ನಾಗಿತ್ತು. ಮದ್ದಿನ ಕಡ್ಡಿಗೆ ಬತ್ತಿ ಸುತ್ತಿದ ಕೈಯಲ್ಲವೇ? ದ್ರಾವಣ ಸುರಿದ. ಸುರಿದವನೇ ಅಭ್ಯಾಸಬಲದಿಂದ "ಬೆಂಕಿ" ಎಂದು ಕೂಗಿ ಹೊರಗೆ ಓಡಿದ.

ಓಡಿದವನಿಗೆ ಬೀದಿಯಲ್ಲಿ ಯಾರೋ ಸಿಕ್ಕರು. ಸರ್ಕಾರದ ಮಾತು ಬಂತು. ನಾನು ಅಲುಗಾಡಬಾರದೆಂದು ಹೇಳಿದ್ದನಲ್ಲ, ಅಲುಗಾಡದೆ ಕೂತೆ. ನೆತ್ತಿ ಮೆಣಸಿನಕಾಯಿ ಅರೆದಂತೆ ಉರಿಯುತ್ತಿತ್ತು. ಗುಂಗುರಾಗುವುದೆಂದರೆ ಹೀಗೇ ಇರಬೇಕು ಎಂದುಕೊಂಡೆ. ಅವನು ಬಂದು ಸುರುಳಿ ಬಿಚ್ಚಿದ. ಸುರುಳಿಯ ಜೊತೆಗೇ ಕೂದಲೂ ಬಂತು. ಒಂದೊಂದಾಗಿ ಬಿಚ್ಚಿ ಮೇಜಿನ ಮೇಲೆ ಸಾಲಾಗಿ ಇಟ್ಟ.

"ಹೆಂಗಿದೆ?" ಎಂದೆ.

"ಸ್ವಲ್ಪ ಗಟ್ಟಿ ಆಯ್ತು ಮದ್ದು" ಎಂದ.

ನಾನು ಕನ್ನಡಿ ನೋಡಿದೆ. ಆಮೇಲೆ ಬಾಣಲೆ ಹುಡುಕಿದೆ. ಅವನು ಆಗಲೇ ಸಾಲಿನ ತುದಿ ದಾಟಿದ್ದ.

ಮರುದಿನ ತಲೆಗೆ ಬಟ್ಟೆ ಬಿಗಿದುಕೊಂಡು, ಹಿಟ್ಟಿನ ಹಲಗೆ ಹೊತ್ತು ಒಲೆಗೆ ಹೋದೆ. ಯಾರ ಮುಖವನ್ನೂ ನೋಡುವ ಧೈರ್ಯವಿರಲಿಲ್ಲ. ಕಣ್ಣೆತ್ತಿದರೆ ತಿತೊನ ಹೆಂಡತಿ ಯೊಲಾಂದಾ. ಅವಳ ತಲೆಗೂ ಬಟ್ಟೆ. ಅವಳ ಪಕ್ಕದವಳಿಗೂ ಬಟ್ಟೆ. ಒಲೆಯ ಸುತ್ತ ನಿಂತವರೆಲ್ಲ ಬಟ್ಟೆ ಕಟ್ಟಿದವರೇ. ಯೊಲಾಂದಾ ಮೊದಲು ಬಿಚ್ಚಿದಳು. ಅವಳ ತಲೆ ಒಂದು ಕಡೆ ಕಿತ್ತಳೆ ಬಣ್ಣ, ಇನ್ನೊಂದು ಕಡೆ ಖಾಲಿ. ನಾನೂ ಬಿಚ್ಚಿದೆ. ಒಬ್ಬೊಬ್ಬರಾಗಿ ಎಲ್ಲರೂ ಬಿಚ್ಚಿದರು. ನೆಲಕ್ಕೆ ಕೂತು ನಕ್ಕೆವು. ಹೊಟ್ಟೆ ಹಿಡಿದುಕೊಂಡು, ಒಬ್ಬರ ಮೇಲೊಬ್ಬರು ಬಿದ್ದು ನಕ್ಕೆವು. ರೊಟ್ಟಿ ಸೀದುಹೋಯಿತು. ನಗು ನಿಂತ ಮೇಲೆ ಯಾರೋ ಅಳುತ್ತಿದ್ದರು. ಅವಳು ಎಲಾದಿಯೋನ ಹೆಂಡತಿ. ಎಲ್ಲರಂತೆ ಅವಳೂ ಬಟ್ಟೆ ಕಟ್ಟಿ ಬಂದಿದ್ದಳು, ಕೆಳಗಿನ ಕೂದಲು ಮಾತ್ರ ನೆಟ್ಟಗಿತ್ತು. ಕತ್ತರಿ ಎತ್ತಿ ಹಿಡಿಯುವಷ್ಟು ಉಸಿರು ಅವಳ ಗಂಡನಿಗೆ ಇರಲಿಲ್ಲ.

ಆ ವಾರವೇ ಎಲಾದಿಯೊ ಕ್ಲಾಸಿನಲ್ಲಿ ಬಿದ್ದ. ಕೂದಲು ನಿಲ್ಲಿಸುವ ಸ್ಪ್ರೇ ಹೊಡೆಯುವುದನ್ನು ಕಲಿಸುತ್ತಿದ್ದರು. ಅರವತ್ತು ಡಬ್ಬಿ ಒಟ್ಟಿಗೆ. ಅವನು ಬಾಯಿ ತೆರೆದು, ಮುಚ್ಚಿ, ತೆರೆದು, ಮೀನಿನಂತೆ ನೆಲಕ್ಕೆ ಬಿದ್ದ. ಗಣಿಯಲ್ಲಿ ಕುಸಿತವಾದಾಗ ಹೊರುತ್ತಿದ್ದರಲ್ಲ, ಹಾಗೆಯೇ ಹಲಗೆಯ ಮೇಲೆ ಹೊತ್ತು ತಂದರು. ಮಾರಿಬೆಲ್ ಚಪ್ಪಲಿ ಕೈಯಲ್ಲಿ ಹಿಡಿದು ಪಕ್ಕದಲ್ಲಿ ಓಡುತ್ತಿದ್ದಳು. ಅವನ ಎದೆಯನ್ನು ಮತ್ತೊಮ್ಮೆ ನೋಡಿ ಎಂದು ನಾವು ಕಚೇರಿಗೆ ಹೋಗಿ ಕೇಳಿದೆವು. ಮಂಡಳಿಯ ತೀರ್ಮಾನ ಅಂತಿಮ, ಕಿಟಕಿ ತೆರೆದಿಟ್ಟುಕೊಳ್ಳಲಿ ಎಂದರು.

ಅಷ್ಟರಲ್ಲಿ ರಾಜಧಾನಿಯಿಂದ ಉಪಮಂತ್ರಿ ಬರುವ ಸುದ್ದಿ ಬಂತು. ಪ್ರಮಾಣಪತ್ರ ಹಂಚುತ್ತಾರೆ. ಟಿವಿಯವರು ಬರುತ್ತಾರೆ. ಕ್ಯಾಮೆರಾದ ಮುಂದೆ ಒಬ್ಬ ಹಳೆ ಗಣಿಕಾರ್ಮಿಕ ಉಪಮಂತ್ರಿಯ ಕ್ಷೌರ ಮಾಡಬೇಕು. ಅದಕ್ಕೆ ನಿಬಾಲ್ದೊನನ್ನು ಆರಿಸಿದರು. ಕೆಲಸ ಚೆನ್ನಾಗಿ ಕಲಿತಿದ್ದ ಎಂದಲ್ಲ. ಎತ್ತರದ ಆಳು, ನೀಲಿ ಚುಕ್ಕೆಯ ಮುಖ, ಟಿವಿಯಲ್ಲಿ ಚೆನ್ನಾಗಿ ಕಾಣುತ್ತಾನೆ ಎಂದು. ಹಿಂದಿನ ದಿನ ಪ್ರಚಾರದವನೊಬ್ಬ ಬಂದು ಅಭ್ಯಾಸ ಮಾಡಿಸಿದ. ಕೂದಲು ಮುಟ್ಟಬಾರದು. ತಲೆಯಿಂದ ಒಂದು ಗೇಣು ದೂರದಲ್ಲಿ ಗಾಳಿಯಲ್ಲಿ ಕತ್ತರಿ ಆಡಿಸಬೇಕು. ಕಚ್ ಕಚ್ ಸದ್ದು ಬಂದರೆ ಸಾಕು. ನಗಬೇಕು.

ನಿಬಾಲ್ದೊ ಮನೆಗೆ ಬಂದು ಟೋಪಿ ತೆಗೆಯದೆ ಕೂತ. ಚಹಾ ತಣ್ಣಗಾಯಿತು.

"ಗಾಳಿ ಕತ್ತರಿಸ್ಬೇಕಂತೆ ನಾನು" ಎಂದ.

"ಕತ್ತರಿಸಿ ಬಾ. ನನ್ನ ತಲೆ ಕತ್ತರಿಸಿದ್ದಕ್ಕಿಂತ ವಾಸಿ."

ಅವನು ನಗಲಿಲ್ಲ. "ಕೆಳಗೆ ಇದ್ದಾಗ ಕಾಟಾಚಾರಕ್ಕೆ ಕೆಲಸ ಮಾಡಿದ್ರೆ ನಾಲ್ಕು ಜನ ಸಾಯ್ತಿದ್ರು. ಯಾರೂ ನನಗೆ ಸುಮ್ಮನೆ ಸದ್ದು ಮಾಡು ಅನ್ನಲಿಲ್ಲ ಮುದುಕಿ. ಹೊಡೆದ್ರು, ಬೈದ್ರು. ಇದನ್ನ ಮಾತ್ರ ಯಾರೂ ಹೇಳಿರ್ಲಿಲ್ಲ."

ನಾನು ಒಲೆಯ ಬಳಿ ಹೋಗಿ ಹೆಂಗಸರ ಜೊತೆ ಮಾತಾಡಿದೆ. ಉಪಮಂತ್ರಿ ಬರುವ ರಸ್ತೆ ಒಂದೇ. ಹೋಗುವ ರಸ್ತೆಯೂ ಅದೇ. ಬರಲು ಬಿಡೋಣ, ಎಲಾದಿಯೋನ ಎದೆಯ ಮಾತು ಎತ್ತದೆ ಹೋಗಲು ಬಿಡುವುದು ಬೇಡ ಎಂದು ಮಾತಾಯಿತು.

ಉಪಮಂತ್ರಿ ಕಾರಿನಿಂದ ಇಳಿದದ್ದೇ ನಾನು ಗುರುತು ಹಿಡಿದೆ. ಒಳ್ಳೆಯ ಕೋಟು, ತಲೆತುಂಬ ಕರಿ ಗುಂಗುರು ಕೂದಲು, ಅಲ್ಲಲ್ಲಿ ಬೆಳ್ಳಿ. ಆದರೆ ಕಣ್ಣು ಅವೇ. ಜನರಲ್ ಕಾಲದಲ್ಲಿ ಒಬ್ಬ ವಿದ್ಯಾರ್ಥಿಯನ್ನು ನಾವು ಅಡುಗೆಮನೆಯ ಹಿಂದಿನ ಕಟ್ಟಿಗೆ ಗೂಡಿನಲ್ಲಿ ಅಡಗಿಸಿಟ್ಟುಕೊಂಡಿದ್ದೆವು. ಸೈನಿಕರು ಅವನ ತಲೆ ಬೋಳಿಸಿ, ಬಂದೂಕಿನ ಹಿಂಬದಿಯಿಂದ ನೆತ್ತಿ ಒಡೆದಿದ್ದರು. ಅವನು ತಪ್ಪಿಸಿಕೊಂಡು ಬಂದಾಗ ಗಾಯ ಕೀವು ಕಟ್ಟಿತ್ತು. ದಿನಾ ಉಪ್ಪುನೀರು ಕಾಸಿ ತೊಳೆದವಳು ನಾನು. ಆಗ ಅವನು ತಲೆಮರೆಸಿಕೊಳ್ಳಲು ಇಟ್ಟುಕೊಂಡ ಹೆಸರು ಮಾತಿಯಾಸ್. ಈಗ ಎಲ್ಲರೂ ಕರೆಯುವುದು ದೊನ್ ರಾಮಿರೊ, ರಾಮಿರೊ ಸಾಹೇಬರು ಎಂದು.

ಅವನೂ ಗುರುತು ಹಿಡಿದ. ಸೀದಾ ಬಂದು ತಬ್ಬಿಕೊಂಡ. ಅವನ ಕಣ್ಣಲ್ಲಿ ನಿಜವಾದ ನೀರಿತ್ತು. "ಅಕ್ಕಾ, ನಿನ್ನ ಕೈ ರೊಟ್ಟಿ ಮರೆತಿಲ್ಲ" ಎಂದ. ಸುಳ್ಳು ಹೇಳುವವನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಆಮೇಲೆ ದೀಪದ ಕೋಣೆಯಲ್ಲಿ ಭಾಷಣ ಮಾಡಿದ, ಹೆಂಗಸರು ನಾವು ಬಾಗಿಲ ಹೊರಗೆ ನಿಂತು ನೋಡಿದೆವು. ಕಾಲ ಬದಲಾಗಿದೆ, ಜಗತ್ತು ತೆರೆದುಕೊಂಡಿದೆ, ಇನ್ನು ಬೆಲೆ ಕಟ್ಟುವುದು ಸರ್ಕಾರವಲ್ಲ, ಮಾರುಕಟ್ಟೆ, ನಿಮ್ಮ ಕೈಯಲ್ಲಿ ಹೊಸ ಕಸುಬಿದೆ, ಅದರ ಬೆಲೆಯನ್ನು ನೀವೇ ಪಡೆದುಕೊಳ್ಳಿ ಎಂದ. ಎಲಾದಿಯೊ ಗೋಡೆಗೊರಗಿ ಕೇಳುತ್ತಿದ್ದ. ಮಾತಿನ ನಡುವೆ ಅವನಿಗೆ ಕೆಮ್ಮು ಬಂತು. ರಾಮಿರೊ ನಿಲ್ಲಿಸಿ, ಕೆಮ್ಮು ಮುಗಿಯಲೆಂದು ಕಾದ. ಮುಗಿಯಲಿಲ್ಲ. ಮುಂದುವರಿಸಿದ. ಪ್ರಮಾಣಪತ್ರ ಹಂಚಿದರು. ನಿಬಾಲ್ದೊ ತನ್ನದನ್ನು ಮಡಚಿ ಜೇಬಿಗೆ ತುರುಕಿದ.

ಉಪಮಂತ್ರಿ ಕುರ್ಚಿಯಲ್ಲಿ ಕೂತ. ಮಾರಿಬೆಲ್ ಕತ್ತಿನ ಸುತ್ತ ಬಿಳಿ ಬಟ್ಟೆ ಕಟ್ಟಿದಳು. ಕ್ಯಾಮೆರಾ ಹತ್ತಿರ ಬಂತು. ಪ್ರಚಾರದವನು ಬೆರಳಿನಿಂದ ಕಚ್ ಕಚ್ ಎಂದು ಸನ್ನೆ ಮಾಡಿದ. ನಿಬಾಲ್ದೊ ಕತ್ತರಿ ಎತ್ತಿಕೊಂಡ. ನೋಡಿದ. ಕೆಳಗಿಟ್ಟ. ಪಕ್ಕದಲ್ಲಿದ್ದ, ಇಡೀ ಕ್ಲಾಸಿಗೆ ಒಂದೇ ಆದ ಕರೆಂಟಿನ ಕ್ಷೌರದ ಮೆಷಿನ್ ತೆಗೆದು ಗುಂಡಿ ಒತ್ತಿದ. ಹಣೆಯ ನಡುವಿನಿಂದ ಹಿಂಗತ್ತಿನವರೆಗೆ, ಗಣಿಯ ಸುರಂಗ ಕೊರೆದಂತೆ, ನೇರವಾಗಿ ಒಂದೇ ಏಟಿಗೆ ಹೊಡೆದ. ಆಮೇಲೆ ಬಲಗಡೆ ಪೂರ್ತಿ ತೆಗೆದ. ಗುಂಗುರೆಲ್ಲ ಮಡಿಲಿಗೆ ಬಿತ್ತು. ಮೆಷಿನ್ ಆರಿಸಿ, ವಯರು ಕಿತ್ತು ಜೇಬಿಗೆ ಹಾಕಿಕೊಂಡು ಕೈಕಟ್ಟಿ ನಿಂತ.

ರಾಮಿರೊಗೆ ಏನಾಯಿತೆಂದು ತಿಳಿಯಲು ಹೊತ್ತು ಹಿಡಿಯಿತು. "ಮುಗೀತಾ?" ಎಂದ.

"ಅರ್ಧ ಮುಗೀತು ಸ್ವಾಮಿ. ಇನ್ನರ್ಧಕ್ಕೆ ಮುಷ್ಕರ" ಎಂದ ನಿಬಾಲ್ದೊ.

ತಿತೊ ಮೊದಲು ತನ್ನ ಕತ್ತರಿಯನ್ನು ನೆಲಕ್ಕೆ ಹಾಕಿದ. ಒಂದಾದ ಮೇಲೊಂದು ಅರವತ್ತು ಕತ್ತರಿ ಬಿದ್ದವು. ನಮ್ಮ ಕಮ್ಮಾರ ಬೆಸೆದಿದ್ದಲ್ಲವೇ, ಬಿದ್ದ ಸದ್ದು ಸಮುದ್ರಕ್ಕೂ ಕೇಳಿರಬೇಕು.

ಪ್ರಚಾರದವನು ಕ್ಯಾಮೆರಾಕ್ಕೆ ಕೈ ಅಡ್ಡ ಹಿಡಿದ. ಟಿವಿಯವರು ಅವನನ್ನೇ ಪಕ್ಕಕ್ಕೆ ತಳ್ಳಿದರು. ಇಂಥದ್ದು ಅವರಿಗೆ ದಿನಾ ಸಿಗುತ್ತದೆಯೇ? ರಾಮಿರೊಗೆ ಅವತ್ತು ಸಂಜೆ ಪಟ್ಟಣದಲ್ಲಿ ವಿದೇಶಿ ಸಾಹುಕಾರರ ಜೊತೆ ಊಟವಿತ್ತು. ಸರ್ಕಾರದ ನೀರಿನ ಕಂಪನಿಯನ್ನು ಕೊಳ್ಳಲು ಬಂದವರು. ಅರ್ಧ ಬೋಳು ತಲೆಯಲ್ಲಿ ಹೋಗುವಂತಿಲ್ಲ. ಉಳಿದದ್ದನ್ನು ನೀನು ಮುಗಿಸು ಎಂದು ಮಾರಿಬೆಲ್‌ಗೆ ಹೇಳಿದರು. ಅವಳು ಸಣ್ಣ ದನಿಯಲ್ಲಿ, ಕ್ಷಮಿಸಿ, ನನ್ನ ವಿದ್ಯಾರ್ಥಿಯ ಕೆಲಸ ನಾನು ಕೆಡಿಸುವುದಿಲ್ಲ ಎಂದು ಹೊರಗೆ ಹೋಗಿ ನಮ್ಮ ಜೊತೆ ನಿಂತಳು. ಎಸ್ತೆರ್ ಅಂಗಡಿಗೆ ಆಳು ಓಡಿತು. ಅವಳು ಬಾಗಿಲು ಹಾಕಿಕೊಂಡು, ಕಿಟಕಿಯ ಸಂದಿಯಿಂದ, ಊರಲ್ಲಿ ಹೊಸದಾಗಿ ಅರವತ್ತು ಜನ ಇದ್ದಾರಲ್ಲ, ಮುದುಕಿಯನ್ನು ಯಾಕೆ ಹುಡುಕಿಕೊಂಡು ಬಂದಿರಿ ಎಂದು ಕೇಳಿದಳಂತೆ.

ರಾಮಿರೊನ ಸಹಾಯಕನೊಬ್ಬ ಅಮೆರಿಕದಲ್ಲಿ ಅರ್ಥಶಾಸ್ತ್ರ ಓದಿ ಬಂದವನು. ಇದೇನು ಮಹಾ ಎಂದು ನೆಲದಿಂದ ಒಂದು ಕತ್ತರಿ ಎತ್ತಿಕೊಂಡ. ಎರಡು ಕೈಯಲ್ಲೂ ಹಿಡಿಯಬೇಕಾಯಿತು. ಎಡಗಡೆಯ ಕೂದಲಿನಲ್ಲಿ ಮೆಟ್ಟಿಲು ಕಟ್ಟಿದ. ಮೂರನೆಯ ಮೆಟ್ಟಿಲಿಗೆ ಕಿವಿ ಸಿಕ್ಕಿತು. ರಾಮಿರೊ ಅವನಿಗೆ ಬೈದ ಬೈಗುಳ ಮಾತ್ರ ಹಳೆಯ ಮಾತಿಯಾಸ್‌ನದು. ನಮ್ಮ ಕಟ್ಟಿಗೆ ಗೂಡಿನಲ್ಲೇ ಕಲಿತದ್ದು.

ಕಾರಿನಲ್ಲಿ ಕೂತು ಟೋಪಿ ಹಾಕಿಕೊಂಡು ಹೋಗೋಣವೆಂದರೆ ರಸ್ತೆಯಲ್ಲಿ ನಾವಿದ್ದೆವು. ಹಿಟ್ಟಿನ ಹಲಗೆ ಅಡ್ಡ ಇಟ್ಟು, ತಲೆಯ ಬಟ್ಟೆ ಬಿಚ್ಚಿ, ಬೋಳು ತಲೆ, ಕಿತ್ತಳೆ ತಲೆ ಬಿಸಿಲಿಗೆ ಒಡ್ಡಿ ಕೂತಿದ್ದೆವು. ಪೊಲೀಸ್ ಸಾರ್ಜೆಂಟ್ ನಮ್ಮನ್ನು ನೋಡಿದ, ಕ್ಯಾಮೆರಾ ನೋಡಿದ, ಅಪ್ಪಣೆ ಬಂದಿಲ್ಲ ಎಂದು ಜೀಪಿನಲ್ಲಿ ಹೋಗಿ ಕೂತ.

ರಾಮಿರೊ ಮತ್ತೆ ಕುರ್ಚಿಗೆ ಬಂದ. ನಾನು ಒಳಗೆ ಹೋಗಿ ಬಾಗಿಲಲ್ಲಿ ನಿಂತೆ.

"ನಿಬಾಲ್ದೊ, ಎಷ್ಟು ಬೇಕು ಹೇಳು. ನನ್ನ ಕೈಯಿಂದಲೇ ಕೊಡ್ತೀನಿ" ಎಂದ.

"ಬೆಲೆ ಕಟ್ಟೋದು ಮಾರುಕಟ್ಟೆ ಅಂತ ಈಗ ತಾನೆ ಹೇಳಿದ್ರಿ. ಊರಲ್ಲಿ ಕ್ಷೌರ ಬೇಕಾಗಿರೋ ತಲೆ ಒಂದೇ. ಮೆಷಿನಿನ ವಯರು ನನ್ನ ಜೇಬಲ್ಲಿದೆ. ಬೆಲೆ ಎಲಾದಿಯೋನ ಎದೆ."

"ಅಂದ್ರೆ?"

"ಬೇರೆ ಡಾಕ್ಟ್ರು ಬರ್ಬೇಕು. ಅವನದ್ದು, ಧೂಳು ಕುಡಿದ ಎಲ್ಲರದ್ದೂ ಎದೆ ಮತ್ತೆ ನೋಡ್ಬೇಕು. ಅದನ್ನ ಈ ಕ್ಯಾಮೆರಾಕ್ಕೆ ನೀವು ಬಾಯಿಬಿಟ್ಟು ಹೇಳ್ಬೇಕು. ಹೇಳಿದ್ರೆ ಚೆನ್ನಾಗಿ ಮುಗಿಸ್ತೀನಿ. ಗಾಳಿ ಕತ್ತರಿಸಲ್ಲ."

ಸಹಾಯಕ ಕಿವಿಯ ಹತ್ತಿರ ಬಗ್ಗಿದ. ಸೈನ್ಯದ ಬಿಡಾರ ದೂರವಿಲ್ಲ, ಅಲ್ಲಿ ಕ್ಷೌರದವನಿದ್ದಾನೆ, ಒಂದು ಫೋನು ಮಾಡಿದರೆ ಸಾಕು ಎಂದ. ಎಲ್ಲರಿಗೂ ಕೇಳಿಸಿತು.

ರಾಮಿರೊನ ಕೈ ತನ್ನಷ್ಟಕ್ಕೆ ತಲೆಗೆ ಹೋಯಿತು. ಬೋಳಿಸಿದ ಕಡೆ ಆ ಗಾಯದ ಗುರುತು ಬಿಳಿಯಾಗಿ ಕಾಣುತ್ತಿತ್ತು. ಇಷ್ಟು ವರ್ಷ ಗುಂಗುರು ಅದನ್ನು ಮುಚ್ಚಿತ್ತು. ಬೆರಳು ಅದರ ಮೇಲೆ ನಿಂತಿತು. ಅವನು ನನ್ನ ಕಡೆ ನೋಡಿದ. ನಾನೂ ನೋಡಿದೆ. ನನ್ನ ಬೋಳು ತಲೆ, ಅವನ ಅರ್ಧ ಬೋಳು ತಲೆ. ನಗಬೇಕಿತ್ತು. ಇಬ್ಬರಿಗೂ ಆಗಲಿಲ್ಲ.

"ಬೇಡ. ಅವರ ಕೈಗೆ ನಾನು ತಲೆ ಕೊಡಲ್ಲ" ಎಂದ.

ಕ್ಯಾಮೆರಾ ಕಡೆ ತಿರುಗಿ, ಬೇರೆ ವೈದ್ಯರು ಬರುತ್ತಾರೆ, ಎಲ್ಲರ ಎದೆ ಮತ್ತೆ ನೋಡುತ್ತಾರೆ, ನಾನು ಮಾತು ಕೊಟ್ಟಿದ್ದೇನೆ ಎಂದ. ಎಲಾದಿಯೋನ ಹೆಸರು ಹಿಡಿದು ಹೇಳು ಎಂದಳು ನನ್ನ ಹಿಂದೆ ಬಂದು ನಿಂತಿದ್ದ ಅವನ ಹೆಂಡತಿ. ಅದನ್ನೂ ಹೇಳಿದ.

ನಿಬಾಲ್ದೊ ವಯರು ಸಿಕ್ಕಿಸಿ, ಉಳಿದರ್ಧ ಮುಗಿಸಿದ. ಮೆಟ್ಟಿಲು ಸವರಿದ, ಕಿವಿಯ ಹಿಂದೆ ಕೂಡ ಬಿಡಲಿಲ್ಲ. ಗಾಯದ ಮೇಲೆ ಬಂದಾಗ ಮೆಷಿನ್ ಹಗುರ ಮಾಡಿದ. ಪೂರ್ತಿ ಬೋಳಾಗಿ, ನುಣ್ಣಗೆ, ಚೊಕ್ಕವಾಗಿ ಎದ್ದ ರಾಮಿರೊ. ಅಷ್ಟು ಚೆನ್ನಾದ ಕೆಲಸ ಆ ಕ್ಲಾಸಿನಿಂದ ಹೊರಬಿದ್ದದ್ದು ಅದೊಂದೇ. ನಾವು ಹಲಗೆ ಸರಿಸಿ ಕಾರಿಗೆ ದಾರಿ ಬಿಟ್ಟೆವು. ಸಾಹುಕಾರರು ಅವನ ಹೊಸ ತಲೆಯನ್ನು ಮೆಚ್ಚಿದರಂತೆ. ನೀರಿನ ಕಂಪನಿಯನ್ನೂ ಕೊಂಡರಂತೆ.

ವೈದ್ಯರು ಬಂದರು. ಹೊಸ ಎಕ್ಸ್‌ರೇ ತೆಗೆಯಲಿಲ್ಲ, ಹಳೆಯದನ್ನೇ ಬೆಳಕಿಗೆ ಹಿಡಿದರು. ಅದೇ ಎದೆ, ಅದೇ ಹಾಳೆ, ಈ ಸಲ ಧೂಳು ಕಾಣಿಸಿತು. ಎಲಾದಿಯೋಗೆ ಪಿಂಚಣಿ ಬಂತು, ಇನ್ನೂ ಹಲವರಿಗೆ ಬಂತು. ತಿತೊಗೆ ಬರಲಿಲ್ಲ, ಅವನ ಧೂಳು ಅವರ ಅಳತೆಗೆ ಸಾಲಲಿಲ್ಲವಂತೆ. ಎಲಾದಿಯೊ ಎರಡು ಬೇಸಿಗೆ ಕಿಟಕಿಯ ಬಳಿ ಕೂತು, ಹೋಗಿಬರುವವರಿಗೆಲ್ಲ ಬೈದುಕೊಂಡು ಬದುಕಿದ. ಆಮೇಲೆ ಸತ್ತ. ಅವನನ್ನು ಹೊತ್ತವರಲ್ಲಿ ನಾನೂ ಒಬ್ಬಳು, ಗಂಡಸರಿಗೆ ಉಸಿರು ಸಾಲದೆ ಹೆಂಗಸರು ಹೆಗಲು ಕೊಟ್ಟೆವು. ರಾಮಿರೊನನ್ನು ಯಾವುದೋ ದೇಶಕ್ಕೆ ರಾಯಭಾರಿಯಾಗಿ ಕಳಿಸಿದರು ಎಂದು ಕೇಳಿದೆ.

ಗಣಿ ಮಾತ್ರ ಉಳಿಯಲಿಲ್ಲ. ನೀರು ಎತ್ತುವ ಪಂಪುಗಳನ್ನು ನಿಲ್ಲಿಸಿದರು. ಸಮುದ್ರ ಒಳಗೆ ಬಂತು. ಆ ಬೆಳಿಗ್ಗೆ ಇಡೀ ಊರು ದಡದಲ್ಲಿ ನಿಂತಿತ್ತು. ನೋಡಲು ಏನೂ ಇರಲಿಲ್ಲ, ಅಲೆ ದಿನದಂತೆಯೇ ಬರುತ್ತಿತ್ತು. ನಿಬಾಲ್ದೊ ಕೆಳಗಿನ ಒಂದೊಂದು ಸುರಂಗದ ಹೆಸರು ಹೇಳುತ್ತಾ ಹೋದ. ಈಗ ಅಲ್ಲಿ ತುಂಬಿರುತ್ತೆ, ಈಗ ಇಲ್ಲಿ ಎಂದ. ಕೇಶವಿನ್ಯಾಸಕ್ಕೆ ಬೇಡಿಕೆ ಹುಟ್ಟಲಿಲ್ಲ. ನಾನು ರೊಟ್ಟಿ ಸುಟ್ಟು ಬಸ್‌ಸ್ಟ್ಯಾಂಡಿನಲ್ಲಿ ಮಾರಿದೆ. ಅವನು ಬಂಡೆಗಳ ಮೇಲಿಂದ ಕಡಲಪಾಚಿ ಕಿತ್ತು, ಒಣಗಿಸಿ, ಕಂತೆ ಕಟ್ಟಿದ. ನನ್ನ ಕೂದಲು ಬೆಳೆಯಿತು, ಬಿಳಿಯಾಗಿ.

ಕೆಲವು ವರ್ಷ ಕಳೆದ ಮೇಲೆ ರಾಜಧಾನಿಯಿಂದ ಒಬ್ಬ ಅಧಿಕಾರಿ ಬಂದ. ಎಳೆಯ ವಯಸ್ಸು, ಬೆನ್ನಿಗೆ ಚೀಲ, ನಗುಮುಖ. ಪ್ರವಾಸೋದ್ಯಮದವನಂತೆ. ಗಣಿಯ ಬಾಯಿಯ ಹತ್ತಿರದ ಒಣ ಭಾಗವನ್ನು ಸರಿಪಡಿಸಿ ಪ್ರವಾಸಿಗಳ ಜಾಗ ಮಾಡುತ್ತಾರಂತೆ. ಅದಕ್ಕೆ ಸ್ಥಳೀಯರು ಬೇಕಂತೆ. ತರಬೇತಿ ಅವರೇ ಕೊಡುತ್ತಾರಂತೆ. ಏನು ತರಬೇತಿ ಎಂದು ನಾನು ಕೇಳಿದೆ.

"ಗಣಿಕಾರ್ಮಿಕರಾಗೋ ತರಬೇತಿ ಅಮ್ಮಾ. ಗುದ್ದಲಿ ಹಿಡಿಯೋದು, ನಡೆಯೋದು, ಮಾತಾಡೋದು. ಮುಖಕ್ಕೆ ಬಳ್ಕೊಳ್ಳೋಕೆ ಕರಿ ಬಣ್ಣ ನಾವೇ ಕೊಡ್ತೀವಿ. ಎಲ್ಲ ಹೇಳ್ಕೊಡ್ತೀವಿ, ಹೆದ್ರೋದು ಬೇಡ."

ನಿಬಾಲ್ದೊ ಪಾಚಿಯ ಕಂತೆ ಕೆಳಗಿಟ್ಟು, ಕೈ ಒರೆಸಿಕೊಂಡು ಬಾಗಿಲಿಗೆ ಬಂದ. ಹುಡುಗ ಅವನ ಮುಖದ ನೀಲಿ ಚುಕ್ಕೆಗಳನ್ನು ನೋಡಿದ. ಯಾವುದೋ ಚರ್ಮರೋಗ ಎಂದುಕೊಂಡನೋ ಏನೋ, ಒಂದು ಹೆಜ್ಜೆ ಹಿಂದೆ ಸರಿದ.

"ಗಣಿ ಕೆಲಸ ನನಗೆ ಬರಲ್ಲ ಸ್ವಾಮಿ" ಎಂದ ನಿಬಾಲ್ದೊ. "ನಾನು ಹೆಂಗಸರ ಕೂದಲು ಸಿಂಗರಿಸೋನು. ಸರ್ಕಾರದ ಸರ್ಟಿಫಿಕೇಟ್ ಇದೆ."

ಹುಡುಗ ಪೂರ್ತಿ ನಂಬಿದ. ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಕೇಳಿ, ಪಕ್ಕದ ಬಾಗಿಲು ತಟ್ಟಿದ. ತಿತೊ ಹೊರಗೆ ಬಂದ, ಕೇಳಿಸಿಕೊಂಡ, ಗುಂಗುರು ಮಾಡುವುದರಲ್ಲಿ ತನ್ನದು ಎತ್ತಿದ ಕೈ ಎಂದ. ಹುಡುಗ ಮುಂದಿನ ಮನೆಗೆ ಹೋದ. ನಾನು ಬಾಗಿಲಲ್ಲೇ ನಿಂತು ನೋಡುತ್ತಿದ್ದೆ. ಹೆಗಲು ಬಾಗಿದ, ಬೆರಳು ಮುರಿದ, ಕೆಮ್ಮುವ ಗಂಡಸರು ಒಬ್ಬೊಬ್ಬರಾಗಿ ಹೊಸ್ತಿಲಿಗೆ ಬಂದು ಗಣಿ ಕೆಲಸ ಬರುವುದಿಲ್ಲವೆಂದು ತಲೆಯಾಡಿಸಿದರು. ಸಾಲಿನ ಕೊನೆಯ ಮನೆಯವರೆಗೂ ಅವನಿಗೆ ಸಿಕ್ಕಿದವರೆಲ್ಲ ಕೇಶವಿನ್ಯಾಸಕರೇ.